ವಾಲ್ವ್ ಆಂಪ್‌ನ ಕ್ಯಾಪ್ಚರ್ ತೆಗೆಯುವ ಬಗೆ: ಕೆಂಪರ್‌ನಲ್ಲೂ ನ್ಯಾಮ್‌ನಲ್ಲೂ

ಕೆಂಪರ್ ಪ್ರೊಫೈಲರ್, ಕ್ವಾಡ್ ಕಾರ್ಟೆಕ್ಸ್, ಟೋನೆಕ್ಸ್, ನ್ಯಾಮ್. ಗಿಟಾರ್ ಆಂಪ್‌ನ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಸಾಧನಗಳಿವು; ಆ ನಕಲಿಗೇ ಕ್ಯಾಪ್ಚರ್ ಎನ್ನುತ್ತಾರೆ, ಕೆಂಪರ್‌ನಲ್ಲಿ ಪ್ರೊಫೈಲ್. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ತನಗೆ ಗೊತ್ತಿರುವ ಒಂದು ಸಿಗ್ನಲ್ ಅನ್ನು ಆಂಪ್‌ಗೆ ಕಳಿಸುತ್ತವೆ, ಆಂಪ್‌ನಿಂದ ಏನು ಹೊರಬಂತು ಎಂದು ಕೇಳಿಸಿಕೊಳ್ಳುತ್ತವೆ, ಎರಡನ್ನೂ ಪಕ್ಕಪಕ್ಕ ಇಟ್ಟು ಆಂಪ್‌ನ ನಡವಳಿಕೆಯನ್ನು ಲೆಕ್ಕಹಾಕುತ್ತವೆ. ಜರ್ಮನಿಯ ಕೆಂಪರ್ ಕಂಪನಿ 2011ರಲ್ಲಿ ಇದನ್ನು ಒಂದು ಪೆಟ್ಟಿಗೆಯೊಳಗೆ ತಂದಿತು. ಸ್ಟೀವನ್ ಅಟ್ಕಿನ್ಸನ್ ಬರೆದ ನ್ಯೂರಲ್ ಆಂಪ್ ಮಾಡೆಲರ್, ಅಂದರೆ ನ್ಯಾಮ್, ಓಪನ್ ಸೋರ್ಸ್ ತಂತ್ರಾಂಶ. ಕಂಪ್ಯೂಟರ್ ಮತ್ತು ಆಡಿಯೊ ಇಂಟರ್‌ಫೇಸ್ ಇದ್ದವರಿಗೆ ಅದಕ್ಕೆ ಬೇರೆ ಖರ್ಚಿಲ್ಲ.

ಕ್ಯಾಪ್ಚರ್ ಕೆಟ್ಟುಬಂದಾಗ ಜನ ಮೊದಲು ಬೈಯುವುದು ಪೆಟ್ಟಿಗೆಯನ್ನೋ ತಂತ್ರಾಂಶವನ್ನೋ. ತಪ್ಪು ಅಲ್ಲಿರುವುದು ಅಪರೂಪ. ಹತ್ತರಲ್ಲಿ ಒಂಬತ್ತು ಸಲ ಅದು ಆಂಪ್‌ಗೆ ಹೋದ ಲೆವೆಲ್‌ನಲ್ಲಿರುತ್ತದೆ, ಇಲ್ಲವೇ ಮೈಕ್ ಇಟ್ಟ ಜಾಗದಲ್ಲಿರುತ್ತದೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಅವೆರಡಕ್ಕೇ ಮೀಸಲು. ಉದಾಹರಣೆಗೆ ಮಾರ್ಷಲ್ ಜೆಸಿಎಂ800 2203 ಹೆಡ್, 4x12 ಕ್ಯಾಬ್ (12 ಇಂಚಿನ ನಾಲ್ಕು ಸ್ಪೀಕರ್ ಇರುವ ಪೆಟ್ಟಿಗೆ), ಒಂದು ಶೂರ್ ಎಸ್‌ಎಂ57 ಮೈಕ್ ಇಟ್ಟುಕೊಳ್ಳೋಣ. ಬೇರೆ ಆಂಪ್ ಆದರೂ ಕ್ರಮ ಇದೇ.

ಏನು ಸೆರೆಯಾಗುತ್ತದೆ, ಏನು ಆಗುವುದಿಲ್ಲ

ಒಂದು ಕ್ಯಾಪ್ಚರ್ ಎಂದರೆ ನಾಬ್‌ಗಳ ಒಂದೇ ಒಂದು ಜೋಡಣೆ. ಗೇನ್ 6ರಲ್ಲಿ ತೆಗೆದದ್ದು 6ರದ್ದೇ. ಆಮೇಲೆ ಪ್ಲಗಿನ್‌ನಲ್ಲಿ ಇನ್‌ಪುಟ್ ಏರಿಸಿದರೆ ಆಂಪ್‌ಗೆ ಇನ್ನೂ ಜೋರಾದ ಪಿಕ್‌ಅಪ್ ಹಾಕಿದಂತಾಗುತ್ತದೆ. ಗೇನ್ ನಾಬ್ ತಿರುಗಿಸಿದಂತೆ ಆಗುವುದಿಲ್ಲ. ಕೆಂಪರ್‌ನಲ್ಲಿ ಪ್ರೊಫೈಲ್ ತೆಗೆದ ಮೇಲೂ ಗೇನ್ ಬದಲಾಯಿಸಬಹುದು, ಆದರೆ ಮೂಲದಿಂದ ದೂರ ಹೋದಷ್ಟೂ ಅದು ಅಂದಾಜು. ಅದರ ಬಾಸ್, ಟ್ರೆಬಲ್ ನಾಬ್‌ಗಳು ಕೂಡ ಕೆಂಪರ್‌ನ ಸ್ವಂತದ್ದು, ಮಾರ್ಷಲ್‌ನದ್ದಲ್ಲ. ನಿಜವಾದ ಆಂಪ್‌ನ ಟೋನ್ ಸ್ಟ್ಯಾಕ್ ಅನ್ನು (ಬಾಸ್, ಮಿಡ್, ಟ್ರೆಬಲ್ ನಾಬ್‌ಗಳ ಸರ್ಕ್ಯೂಟ್) ಪ್ರೊಫೈಲ್‌ಗೆ ಜೋಡಿಸುವ ಲಿಕ್ವಿಡ್ ಪ್ರೊಫೈಲಿಂಗ್ ಬಂದದ್ದು 2023ರಲ್ಲಿ.

ಸಮಯಕ್ಕೆ ಸಂಬಂಧಿಸಿದ ಯಾವ ಎಫೆಕ್ಟ್ ಕೂಡ ಸೆರೆಯಾಗದು. ರಿವರ್ಬ್, ಡಿಲೇ, ಕೋರಸ್, ಟ್ರೆಮೊಲೊ ಎಲ್ಲ ಆಫ್ ಇರಲಿ. ನ್ಯಾಮ್‌ನ ಸ್ಟ್ಯಾಂಡರ್ಡ್ ವೇವ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಮಾದರಿ ಒಂದು ಹೊತ್ತಿನಲ್ಲಿ ಹಿಂದಿನ 4093 ಸ್ಯಾಂಪಲ್‌ಗಳನ್ನಷ್ಟೇ ನೋಡುತ್ತದೆ; 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 85 ಮಿಲಿಸೆಕೆಂಡ್. ಅದಕ್ಕಿಂತ ಉದ್ದದ ಸ್ಪ್ರಿಂಗ್ ರಿವರ್ಬ್ ಬಾಲವನ್ನಾಗಲಿ ಕೋಣೆಯ ಪ್ರತಿಧ್ವನಿಯನ್ನಾಗಲಿ ಕಲಿಯುವುದು ಅದಕ್ಕೆ ಸಾಧ್ಯವೇ ಇಲ್ಲ, ಬರೀ ಗಲೀಜಾಗಿ ಕೇಳಿಸುತ್ತದೆ. ನಾಯ್ಸ್ ಗೇಟ್ ಕೂಡ ತೆಗೆದುಬಿಡಿ.

ಫಜ್ ಪೆಡಲ್ ಇನ್ನೊಂದು ತಲೆನೋವು. ಫಜ್ ಫೇಸ್ ತರಹದ ಪೆಡಲ್‌ಗಳ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಡಿಮೆ. ಗಿಟಾರ್‌ನ ಪಿಕ್‌ಅಪ್ ಮತ್ತು ವಾಲ್ಯೂಮ್ ನಾಬ್ ಆ ಸರ್ಕ್ಯೂಟ್‌ನ ಭಾಗವೇ ಆಗಿಬಿಡುತ್ತವೆ. ಕ್ಯಾಪ್ಚರ್ ಮಾಡುವಾಗ ಎದುರಿಗೆ ಪಿಕ್‌ಅಪ್ ಇರುವುದಿಲ್ಲ, ಆದ್ದರಿಂದ ವಾಲ್ಯೂಮ್ ಇಳಿಸಿದಾಗ ಫಜ್ ತಿಳಿಯಾಗುವ ಆ ಗುಣ ಬರುವುದಿಲ್ಲ. ಟ್ಯೂಬ್ ಸ್ಕ್ರೀಮರ್ ತರಹದ ಬಫರ್ ಇರುವ ಪೆಡಲ್‌ಗಳಿಗೆ ಈ ತೊಂದರೆ ಇಲ್ಲ.

ಬೇಕಾಗುವ ಸಾಮಾನು

ನ್ಯಾಮ್ ದಾರಿಯಲ್ಲಿ ಹೋಗುವವರಿಗೆ ಕನಿಷ್ಠ ಎರಡು ಇನ್‌ಪುಟ್, ಮಾನಿಟರ್ ಔಟ್‌ಪುಟ್‌ನ ಜೊತೆಗೆ ಇನ್ನೊಂದು ಲೈನ್ ಔಟ್‌ಪುಟ್ ಇರುವ ಇಂಟರ್‌ಫೇಸ್ ಇದ್ದರೆ ಸಲೀಸು. ಎರಡೇ ಔಟ್‌ಪುಟ್ ಇದ್ದರೂ ನಡೆಯುತ್ತದೆ: ಒಂದನ್ನು ಆಂಪ್‌ಗೆ ಬಿಟ್ಟುಕೊಟ್ಟು ಹೆಡ್‌ಫೋನ್‌ನಲ್ಲಿ ಕೇಳಿ. ಜೊತೆಗೆ ಒಂದು ರಿಯಾಂಪ್ ಬಾಕ್ಸ್ (ಇಂಟರ್‌ಫೇಸ್‌ನ ಲೈನ್ ಸಿಗ್ನಲ್ ಅನ್ನು ಆಂಪ್‌ನ ಗಿಟಾರ್ ಇನ್‌ಪುಟ್‌ಗೆ ಕೊಡುವ ಪೆಟ್ಟಿಗೆ), ಮೈಕ್, ಗಟ್ಟಿ ಸ್ಟ್ಯಾಂಡ್, ಎರಡು ಗಿಟಾರ್ ಕೇಬಲ್, ಒಂದು ಎಕ್ಸ್‌ಎಲ್‌ಆರ್ ಕೇಬಲ್.

ರಿಯಾಂಪ್ ಬಾಕ್ಸ್ ಯಾಕೆ ಎಂದು ಕೇಳಿದರೆ ಎಲ್ಲರೂ ಇಂಪೀಡೆನ್ಸ್ ಎನ್ನುತ್ತಾರೆ. ವಾಲ್ವ್ ಆಂಪ್‌ನ ಇನ್‌ಪುಟ್ ಹೆಚ್ಚುಕಡಿಮೆ 1 ಮೆಗಾಓಮ್; ಅದರೆದುರು ಮೂಲದ ಇಂಪೀಡೆನ್ಸ್ ನೂರು ಓಮ್ ಇದ್ದರೇನು, ಹತ್ತು ಸಾವಿರ ಇದ್ದರೇನು, ಕಿವಿಗೆ ದೊಡ್ಡ ವ್ಯತ್ಯಾಸವಿಲ್ಲ. ನಿಜವಾದ ಲಾಭ ಬೇರೆ ಎರಡು. ಒಳಗಿನ ಟ್ರಾನ್ಸ್‌ಫಾರ್ಮರ್ ಕಂಪ್ಯೂಟರ್ ಮತ್ತು ಆಂಪ್‌ನ ಗ್ರೌಂಡ್‌ಗಳನ್ನು ಬೇರ್ಪಡಿಸುತ್ತದೆ, ಲೆವೆಲ್ ನಾಬ್‌ನಿಂದ ಸಿಗ್ನಲ್ ಅನ್ನು ಗಿಟಾರ್‌ನ ಮಟ್ಟಕ್ಕೆ ಇಳಿಸಬಹುದು. ರೇಡಿಯಲ್ ಪ್ರೊಆರ್‌ಎಂಪಿ ತರಹದ ಪ್ಯಾಸಿವ್ ಬಾಕ್ಸ್ ಸಾಕು. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ ಅನ್ನು (ಗಿಟಾರ್ ಸಿಗ್ನಲ್ ಅನ್ನು ಮೈಕ್ ಇನ್‌ಪುಟ್‌ಗೆ ಕೊಡುವ ಪೆಟ್ಟಿಗೆ) ಉಲ್ಟಾ ಜೋಡಿಸಿಯೂ ಕೆಲಸ ನಡೆಸಬಹುದು. ಆದರೆ ಆಗ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಅನ್ನು ಏರಿಸುತ್ತದೆ, ಇಂಟರ್‌ಫೇಸ್‌ನ ಔಟ್‌ಪುಟ್ ಬಹಳ ತಗ್ಗಿಸಿ ಶುರುಮಾಡಿ.

ಕೆಂಪರ್ ಇದ್ದವರಿಗೆ ಇದೆಲ್ಲ ಬೇಡ. ಅದರ ಡೈರೆಕ್ಟ್ ಔಟ್‌ಪುಟ್‌ನಿಂದ ಆಂಪ್‌ಗೆ ಒಂದು ಕೇಬಲ್, ಮೈಕ್‌ನಿಂದ ರಿಟರ್ನ್ ಇನ್‌ಪುಟ್‌ಗೆ ಒಂದು ಕೇಬಲ್. ರಿಟರ್ನ್‌ನಲ್ಲಿ ಫ್ಯಾಂಟಮ್ ಪವರ್ ಇಲ್ಲ, ಹಾಗಾಗಿ ಕಂಡೆನ್ಸರ್ ಮೈಕ್ ಬಳಸುವುದಾದರೆ ನಡುವೆ ಹೊರಗಿನ ಪ್ರಿಆಂಪ್ ಬೇಕು.

ಕರೆಂಟ್ ಹಾಕುವ ಮೊದಲು

ವಾಲ್ವ್ ಆಂಪ್ ಅನ್ನು ಸ್ಪೀಕರ್ ಇಲ್ಲವೇ ಲೋಡ್ ಬಾಕ್ಸ್ (ಸ್ಪೀಕರ್ ಬದಲಿಗೆ ಆಂಪ್‌ನ ಶಕ್ತಿಯನ್ನು ಹೀರುವ ಪೆಟ್ಟಿಗೆ) ಇಲ್ಲದೆ ಎಂದೂ ಆನ್ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಕ್ಯಾಬ್ 16 ಓಮ್ ಆದರೆ ಆಂಪ್‌ನ ಹಿಂಬದಿಯ ಸೆಲೆಕ್ಟರ್ ಕೂಡ 16ರಲ್ಲಿರಲಿ. ನಡುವಿನದು ಸ್ಪೀಕರ್ ಕೇಬಲ್ ಆಗಿರಬೇಕು. ಗಿಟಾರ್ ಕೇಬಲ್‌ನ ಸಣ್ಣ ತಂತಿ 100 ವಾಟ್ ತಡೆಯುವುದಿಲ್ಲ.

ಗುಂಯ್ ಎನ್ನುವ ಹಮ್ ಬಂದಾಗ ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ಥಿಂಗ್ ತಪ್ಪಿಸುವ ಚಾಳಿ ನಮ್ಮಲ್ಲಿ ಬೇಕಾದಷ್ಟಿದೆ. ಹಮ್ ನಿಲ್ಲುತ್ತದೆ ನಿಜ, ಆದರೆ ಆಂಪ್‌ನೊಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ಗಿಟಾರ್‌ನ ತಂತಿಗೇ ಬರುತ್ತದೆ. ರಿಯಾಂಪ್ ಬಾಕ್ಸ್‌ನದ್ದೋ ಕೆಂಪರ್‌ನದ್ದೋ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್‌ನ ಗ್ರೌಂಡ್ ಅನ್ನು ಮಾತ್ರ ಬಿಡಿಸುತ್ತದೆ, ಮೈನ್ಸ್ ಅರ್ಥ್ ಅನ್ನು ಮುಟ್ಟುವುದಿಲ್ಲ. ಕಂಪ್ಯೂಟರ್, ಇಂಟರ್‌ಫೇಸ್, ಆಂಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕುವುದೂ ಸಹಾಯಕ.

ವಾಲ್ವ್‌ಗಳು ಕಾಯಲು 15–20 ನಿಮಿಷ ಬಿಡಿ. ವೋಲ್ಟೇಜ್ ಏರಿಳಿತ ಇರುವ ಊರಾದರೆ ಸ್ಟೆಬಿಲೈಜರ್ ಹಾಕಿ, ಇಲ್ಲವೇ ಲೈನ್ ಸ್ಥಿರವಾಗಿರುವ ಹೊತ್ತು ನೋಡಿ. ಮೈನ್ಸ್ ಇಳಿದರೆ ಹೀಟರ್ ಮತ್ತು ಪ್ಲೇಟ್ ವೋಲ್ಟೇಜ್ ಎರಡೂ ಇಳಿಯುತ್ತವೆ, ಸದ್ದು ಮೆತ್ತಗಾಗುತ್ತದೆ. ಕ್ಯಾಪ್ಚರ್‌ನ ಮೂರು ನಿಮಿಷದ ನಡುವೆ ಹಾಗಾದರೆ ಕೆಲಸವೇ ಹಾಳು.

ಲೆವೆಲ್

ಗಿಟಾರ್ ನೇರವಾಗಿ ಚುಚ್ಚಿದಾಗ ಆಂಪ್‌ಗೆ ಎಷ್ಟು ವೋಲ್ಟ್ ಹೋಗುತ್ತಿತ್ತೋ ಟೆಸ್ಟ್ ಸಿಗ್ನಲ್ ಕೂಡ ಅದೇ ಅಳತೆಯಲ್ಲಿ ಹೋಗಬೇಕು. ಹೆಚ್ಚಾದರೆ ಕ್ಯಾಪ್ಚರ್‌ನಲ್ಲಿ ಮೂಲಕ್ಕಿಂತ ಹೆಚ್ಚು ಡಿಸ್ಟಾರ್ಷನ್, ಕಡಿಮೆಯಾದರೆ ಪೇಲವ. ಕೆಂಪರ್ ತನ್ನ ಲೆವೆಲ್ ತಾನೇ ನೋಡಿಕೊಳ್ಳುತ್ತದೆ. ನ್ಯಾಮ್‌ನಲ್ಲಿ ನೀವೇ ಮಾಡಬೇಕು, ಮತ್ತು ಮಲ್ಟಿಮೀಟರ್ ಇಲ್ಲದೆಯೂ ಮಾಡಬಹುದು.

ಇಂಟರ್‌ಫೇಸ್‌ನ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗೇನ್ ಅನ್ನು ಪೂರ್ತಿ ಕೆಳಗಿಳಿಸಿ. ಡಿಎಡಬ್ಲ್ಯೂ, ಅಂದರೆ ರೆಕಾರ್ಡಿಂಗ್ ತಂತ್ರಾಂಶದಲ್ಲಿ 1 ಕಿಲೋಹರ್ಟ್ಸ್ ಸೈನ್ ಟೋನ್ ಒಂದನ್ನು ಮೈನಸ್ 12 ಡಿಬಿಎಫ್‌ಎಸ್ (0 ಎಂದರೆ ಡಿಜಿಟಲ್‌ನ ಗರಿಷ್ಠ ಮಟ್ಟ) ಪೀಕ್‌ಗೆ ಇಟ್ಟು ರಿಯಾಂಪ್‌ಗೆ ಹೋಗುವ ಔಟ್‌ಪುಟ್‌ನಿಂದ ಬಿಡಿ. ರಿಯಾಂಪ್ ಬಾಕ್ಸ್‌ನ ಹೊರಬದಿಯ ಕೇಬಲ್ ಅನ್ನು ಆಂಪ್‌ಗೆ ಹಾಕುವ ಬದಲು ಅದೇ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ ಹಾಕಿ. ಒಳಬರುವ ಮೀಟರ್ ಕೂಡ ಸರಿಯಾಗಿ ಮೈನಸ್ 12 ತೋರಿಸುವವರೆಗೆ ರಿಯಾಂಪ್‌ನ ನಾಬ್ ತಿರುಗಿಸಿ. ಇಷ್ಟೇ. ಈಗ ಆ ಇನ್‌ಪುಟ್‌ಗೆ ಗಿಟಾರ್ ಚುಚ್ಚಿದಾಗ ರೆಕಾರ್ಡ್ ಆಗುವ ಮಟ್ಟಕ್ಕೂ ಆಂಪ್‌ಗೆ ಹೋಗುವ ವೋಲ್ಟೇಜ್‌ಗೂ ತಾಳೆಯಾಯಿತು. ನಾಬ್‌ನ ಮೇಲೆ ಟೇಪ್ ಅಂಟಿಸಿ. ಔಟ್‌ಪುಟ್ ಫೇಡರ್ ಅನ್ನು ಮುಟ್ಟಬೇಡಿ.

ಈ ಲೂಪ್ ಕಟ್ಟುವಾಗ ಇನ್‌ಪುಟ್ ಮಾನಿಟರಿಂಗ್ ಆಫ್ ಇರಲೇಬೇಕು. ಒಳಬಂದದ್ದು ಮತ್ತೆ ಅದೇ ಔಟ್‌ಪುಟ್‌ಗೆ ಹೋದರೆ ಕೀ ಎಂದು ಸುತ್ತುಹೊಡೆಯುತ್ತದೆ.

ಮೀಟರ್ ಇಟ್ಟು ಅಳೆಯುವವರಿಗೆ ಲೆಕ್ಕ ಹೀಗೆ. ಇಂಟರ್‌ಫೇಸ್‌ನ ಕೈಪಿಡಿಯಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗರಿಷ್ಠ ಮಟ್ಟ ಕೊಟ್ಟಿರುತ್ತಾರೆ, 12 ಡಿಬಿಯು (ವೋಲ್ಟೇಜ್ ಮಟ್ಟದ ಅಳತೆ) ಅಂದುಕೊಳ್ಳಿ. ಅಂದರೆ ಪೀಕ್ 0 ಡಿಬಿಎಫ್‌ಎಸ್ ಮುಟ್ಟುವ ಸೈನ್‌ಗೆ 12 ಡಿಬಿಯು, ಸುಮಾರು 3.08 ವೋಲ್ಟ್ ಆರ್‌ಎಂಎಸ್. ಮೈನಸ್ 12ರ ಸೈನ್ ಹಾಗಾದರೆ 0 ಡಿಬಿಯು, 0.775 ವೋಲ್ಟ್. ರಿಯಾಂಪ್ ಬಾಕ್ಸ್‌ನ ಹೊರಬದಿಯಲ್ಲಿ ಎಸಿ ವೋಲ್ಟ್ ಇಟ್ಟು 0.775 ಬರಿಸಿ. ಇಲ್ಲಿ 1 ಕಿಲೋಹರ್ಟ್ಸ್ ಬದಲು 200 ಹರ್ಟ್ಸ್ ಟೋನ್ ಬಳಸಿ, ಏಕೆಂದರೆ ಅಗ್ಗದ ಮೀಟರ್‌ಗಳು ಕರೆಂಟಿನ 50 ಹರ್ಟ್ಸ್‌ಗೆಂದು ಮಾಡಿದವು, ಮೇಲೆ ಹೋದಂತೆ ತಪ್ಪು ಹೇಳುತ್ತವೆ. ಎಸಿಯಲ್ಲಿ 200 ವೋಲ್ಟ್ ರೇಂಜ್‌ಗಿಂತ ಕೆಳಗೆ ಇಲ್ಲದ ಮೀಟರ್ ಈ ಕೆಲಸಕ್ಕೆ ಬಾರದು. ಆ 12 ಡಿಬಿಯು ಅಂಕಿಯನ್ನು ಬರೆದಿಟ್ಟುಕೊಳ್ಳಿ. ನ್ಯಾಮ್ ಫೈಲ್‌ನ ಮಾಹಿತಿಯಲ್ಲಿ ಅದಕ್ಕೆಂದೇ ಒಂದು ಜಾಗವಿದೆ. ತುಂಬಿದರೆ ಬೇರೆ ಇಂಟರ್‌ಫೇಸ್ ಇರುವವರಿಗೂ ಗೇನ್ ತಾಳೆಯಾಗುತ್ತದೆ.

ಮೈಕ್

ಮೊದಲು ನಾಲ್ಕು ಸ್ಪೀಕರ್‌ಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಹುಡುಕಿ. ಒಂದೇ ಮಾಡೆಲ್ ಆದರೂ ಒಂದರಂತೆ ಒಂದಿರುವುದಿಲ್ಲ. ಎಸ್‌ಎಂ57 ಅನ್ನು ಬಟ್ಟೆಯಿಂದ ಎರಡು ಸೆಂಟಿಮೀಟರ್ ದೂರದಲ್ಲಿ, ನೇರವಾಗಿ, ನಡುವಿನ ಡಸ್ಟ್ ಕ್ಯಾಪ್‌ನ ಅಂಚಿಗೆ ಗುರಿಯಿಡಿ. ಬಟ್ಟೆಯ ಹಿಂದೆ ಕೋನ್ ಕಾಣದಿದ್ದರೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಒಂದು ಚೂರು ಪೇಪರ್ ಟೇಪ್‌ನಿಂದ ಗುರುತು ಹಾಕಿ.

ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಗಿಟಾರ್ ಬೇಡ. ಆಂಪ್‌ನ ಗೇನ್ ಏರಿಸಿ. ಸ್ಪೀಕರ್‌ನಿಂದ ಬರುವ ಹಿಸ್ ಅಷ್ಟೇ ಸಾಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೈಕ್ ಅನ್ನು ಕೈಯಲ್ಲಿ ಹಿಡಿದು ನಿಧಾನ ಸರಿಸಿ. ಕ್ಯಾಪ್‌ನ ನಟ್ಟನಡುವೆ ಹಿಸ್ ಚುಚ್ಚುವಂತೆ ‘ಸ್ಸ್ಸ್’ ಎನ್ನುತ್ತದೆ. ಅಂಚಿನತ್ತ ಒಂದು ಸೆಂಟಿಮೀಟರ್ ಸರಿದರೆ ಚೂಪು ಕಳೆಯುತ್ತದೆ, ಇನ್ನೆರಡು ಸೆಂಟಿಮೀಟರ್ ಸರಿದರೆ ‘ಹ್ಹ್’ ಎಂದು ದಪ್ಪಗಾಗುತ್ತದೆ. ಈ ಎರಡರ ನಡುವೆ ಮೇಲಿನ ಸ್ವರವೂ ಕೆಳಗಿನ ಸ್ವರವೂ ಸಮವಾಗಿ ಕೇಳುವ ಒಂದು ಕಿರಿದಾದ ಪಟ್ಟಿ ಇರುತ್ತದೆ, ಅಲ್ಲಿ ಸ್ಟ್ಯಾಂಡ್ ಬಿಗಿಮಾಡಿ. ಆಮೇಲೆ ಗಿಟಾರ್ ನುಡಿಸಿ ಖಚಿತಪಡಿಸಿಕೊಳ್ಳಿ. ಈಕ್ವಲೈಜರ್‌ನಲ್ಲಿ 4 ಡಿಬಿ ತಿರುಚುವುದಕ್ಕಿಂತ ಮೈಕ್ ಅನ್ನು ಅರ್ಧ ಸೆಂಟಿಮೀಟರ್ ಸರಿಸುವುದು ಲೇಸು.

ಕ್ಯಾಬ್ ಅನ್ನು ನೆಲದಿಂದ ಎತ್ತರಿಸಿ, ಎದುರಿಗೊಂದು ದಪ್ಪ ಕಂಬಳಿ ಹಾಸಿ. ನೆಲದಿಂದ ತಿರುಗಿಬರುವ ಸದ್ದು ಕಡಿಮೆಯಾಗುತ್ತದೆ. ಎರಡು ಮೈಕ್ ಬಳಸುವುದಾದರೆ ಎರಡೂ ಕೋನ್‌ನಿಂದ ಒಂದೇ ದೂರದಲ್ಲಿರಲಿ. ಒಂದರ ಪೋಲಾರಿಟಿ ತಿರುಗಿಸಿದಾಗ ಸದ್ದು ತೀರಾ ತೆಳುವಾದರೆ ತಾಳೆ ಸರಿಯಿದೆ ಎಂದರ್ಥ. ಮತ್ತೆ ಮೊದಲಿನಂತೆ ತಿರುಗಿಸಿ, ಎರಡನ್ನೂ ಕೂಡಿಸಿ ಮೋನೊ ಆಗಿ ಕಳಿಸಿ.

ಮೈಕ್ ಪ್ರಿಆಂಪ್‌ನಲ್ಲಿ ಲೋ ಕಟ್, ಕಂಪ್ರೆಸರ್ ಏನೂ ಬೇಡ. ಅತಿ ಜೋರಿನ ಜಾಗದಲ್ಲೂ ಮೈನಸ್ 6 ದಾಟದಂತೆ ಗೇನ್ ಇಡಿ. ಕೆಂಪು ದೀಪ ಒಮ್ಮೆ ಹತ್ತಿದರೂ ಆ ಕ್ಲಿಪ್ಪಿಂಗ್ ಕೂಡ ಆಂಪ್‌ನದ್ದೇ ಎಂದು ಮಾಡೆಲ್ ಕಲಿಯುತ್ತದೆ.

ಓಡಿಸುವುದು

ನಾಬ್‌ಗಳನ್ನು ಇಡಿ. ನಮ್ಮ 2203ಗೆ ಹೈ ಇನ್‌ಪುಟ್, ಪ್ರಿಆಂಪ್ 6, ಬಾಸ್ 5, ಮಿಡ್ 6, ಟ್ರೆಬಲ್ 5, ಪ್ರೆಸೆನ್ಸ್ 4, ಮಾಸ್ಟರ್ 4. ಈ ಮಾಸ್ಟರ್‌ನಲ್ಲಿ 100 ವಾಟ್ ಆಂಪ್ ಕೋಣೆಯನ್ನೇ ಅಲುಗಾಡಿಸುತ್ತದೆ. ಇಯರ್‌ಪ್ಲಗ್ ಹಾಕಿ, ಆಗುವುದಾದರೆ ಬೇರೆ ಕೋಣೆಯಲ್ಲಿ ಕೂತು ಓಡಿಸಿ. ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಕೆಂಪರ್‌ನಲ್ಲಿ ಎಡಬದಿಯ ದೊಡ್ಡ ನಾಬ್ ಅನ್ನು ಪ್ರೊಫೈಲರ್‌ಗೆ ತಿರುಗಿಸಿ, ಆಂಪ್ ಕ್ಲೀನೋ ಡಿಸ್ಟಾರ್ಟೆಡ್ಡೋ ಎಂದು ಆರಿಸಿ, ಶುರುಮಾಡಿ. ಕ್ಲೀನ್ ಎಂದು ಹೇಳಿ ಡಿಸ್ಟಾರ್ಷನ್ ಕೊಟ್ಟರೆ ಪ್ರೊಫೈಲ್ ಸರಿಬರುವುದಿಲ್ಲ. ಶುರುವಿನಲ್ಲಿ ಮೊರೆತ, ಆಮೇಲೆ ಹಕ್ಕಿ ಚಿಲಿಪಿಲಿಯಂತಹ ವಿಚಿತ್ರ ಸದ್ದುಗಳು ಬರುತ್ತವೆ. ಗಾಬರಿ ಬೇಡ, ಆ ಹೊತ್ತಿನಲ್ಲಿ ಕೋಣೆಯಲ್ಲಿ ಮಾತಾಡಬೇಡಿ. ಮುಗಿದ ಮೇಲೆ ರಿಫೈನ್. ಇದನ್ನು ಹಾರಿಸುವವರೇ ಹೆಚ್ಚು, ಹಾರಿಸಬಾರದು. ಸುಮಾರು ಅರ್ಧ ನಿಮಿಷ ಬಲವಾಗಿ, ಉದ್ದಕ್ಕೆ ಬಿಟ್ಟು, ಕೆಳತಂತಿಯಿಂದ ಮೇಲ್ತಂತಿವರೆಗೆ ಕಾರ್ಡ್‌ಗಳನ್ನು ನುಡಿಸಿ. ವೇಗದ ಸೋಲೊಗಿಂತ ನಿಂತು ನಾದಿಸುವ ಕಾರ್ಡ್‌ನಿಂದಲೇ ಅದಕ್ಕೆ ಡಿಸ್ಟಾರ್ಷನ್‌ನ ಅಂದಾಜು ಸಿಗುವುದು.

ನ್ಯಾಮ್‌ನಲ್ಲಿ ಪ್ರಾಜೆಕ್ಟ್ ಕೊಟ್ಟಿರುವ ಇನ್‌ಪುಟ್ ಫೈಲ್ ಅನ್ನೇ ಬಳಸಿ: 48 ಕಿಲೋಹರ್ಟ್ಸ್, 24 ಬಿಟ್, ಮೋನೊ, ಮೂರು ನಿಮಿಷ ಹತ್ತು ಸೆಕೆಂಡಿನ ಹತ್ತಿರ. ಡಿಎಡಬ್ಲ್ಯೂ ಪ್ರಾಜೆಕ್ಟ್ ಕೂಡ 48ರಲ್ಲಿರಲಿ. ಫೈಲ್ ಅನ್ನು ಸೊನ್ನೆಯಿಂದ ಶುರುವಾಗುವಂತೆ ಇಟ್ಟು, ವಾರ್ಪ್ ಅಥವಾ ಸ್ಟ್ರೆಚ್ ಆಫ್ ಮಾಡಿ, ಟ್ರ್ಯಾಕ್‌ನಲ್ಲಿ ಯಾವ ಪ್ಲಗಿನ್ ಇಲ್ಲದಂತೆ ನೋಡಿ. ರಿಯಾಂಪ್‌ಗೆ ಬಿಟ್ಟು ಮೈಕ್ ಟ್ರ್ಯಾಕ್ ಅನ್ನು ರೆಕಾರ್ಡ್ ಮಾಡಿ. ಅದನ್ನು ಇನ್‌ಪುಟ್‌ನಷ್ಟೇ ಉದ್ದಕ್ಕೆ, ಅದೇ ಜಾಗದಿಂದ, ನಾರ್ಮಲೈಜ್ ಮಾಡದೆ 24 ಬಿಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಶುರುವಿನಲ್ಲಿ ಏನನ್ನಾದರೂ ಕತ್ತರಿಸುವುದು ತಪ್ಪು; ಹತ್ತನೇ ಸೆಕೆಂಡಿನ ನಂತರ ಬರುವ ಎರಡು ‘ಟಿಕ್’ಗಳಿಂದಲೇ ಟ್ರೇನರ್, ಅಂದರೆ ಮಾಡೆಲ್ ತಯಾರಿಸುವ ತಂತ್ರಾಂಶ, ವಿಳಂಬ ಅಳೆಯುವುದು.

ಎರಡೂ ಫೈಲ್‌ಗಳನ್ನು ಗೂಗಲ್ ಕೊಲಾಬ್‌ನ ಟ್ರೇನರ್‌ಗೋ ಟೋನ್3000 ತಾಣಕ್ಕೋ ಏರಿಸಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರು ತಮ್ಮ ಕಂಪ್ಯೂಟರ್‌ನಲ್ಲೇ ಮಾಡಬಹುದು. ಸ್ಟ್ಯಾಂಡರ್ಡ್ ಮಾದರಿ, 100 ಎಪಾಕ್ (ಕಲಿಕೆಯ ಪೂರ್ತಿ ಸುತ್ತು) ಸಾಕು. ಕಡಿಮೆ ಶಕ್ತಿಯ ಯಂತ್ರಗಳಿಗೆ ಲೈಟ್, ಫೆದರ್, ನ್ಯಾನೊ ಇವೆ.

ಅಂಕಿ ಮತ್ತು ಕಿವಿ

ಕೊನೆಗೆ ಇಎಸ್‌ಆರ್ ಎಂಬ ಒಂದು ಅಂಕಿ ಬರುತ್ತದೆ, ಮೂಲಕ್ಕೂ ಮಾಡೆಲ್‌ಗೂ ಇರುವ ತಪ್ಪಿನ ಪ್ರಮಾಣ. 0.01ರ ಕೆಳಗಿದ್ದರೆ ಬಹಳ ಚೆನ್ನ, 0.035ರ ಒಳಗಿದ್ದರೆ ಪರವಾಗಿಲ್ಲ, 0.1 ಹತ್ತಿರ ಬಂದರೆ ಅನುಮಾನಿಸಿ, 0.3 ದಾಟಿದರೆ ಕೇಬಲ್‌ಗಳಿಂದ ಶುರುಮಾಡಿ ಮತ್ತೆ ನೋಡಿ. ಆದರೆ ಇದನ್ನು ಪರೀಕ್ಷೆಯ ಅಂಕದಂತೆ ಬೆನ್ನಟ್ಟಬೇಡಿ. ಮೈಕ್ ಇಟ್ಟು ತೆಗೆದ ಹೈ ಗೇನ್ ಕ್ಯಾಪ್ಚರ್‌ಗೆ ಕ್ಲೀನ್ ಡಿಐ (ಮೈಕ್ ಇಲ್ಲದೆ ನೇರವಾಗಿ ತೆಗೆದ) ಕ್ಯಾಪ್ಚರ್‌ನಷ್ಟು ಕಡಿಮೆ ಅಂಕಿ ಬರುವುದೇ ಇಲ್ಲ, ಆಂಪ್‌ನ ಹಿಸ್ ಅನ್ನು ಯಾವ ಮಾಡೆಲ್ಲೂ ಊಹಿಸಲಾರದು.

ಕೇಳಿ ಹೋಲಿಸುವಾಗ ನೇರವಾಗಿ ಇಂಟರ್‌ಫೇಸ್‌ಗೆ ರೆಕಾರ್ಡ್ ಮಾಡಿದ ಒಂದು ಗಿಟಾರ್ ತುಣುಕನ್ನು ಆಂಪ್ ಮೂಲಕವೂ ಮಾಡೆಲ್ ಮೂಲಕವೂ ಕಳಿಸಿ, ಎರಡರ ಜೋರನ್ನು ಸಮ ಮಾಡಿ. ಅರ್ಧ ಡಿಬಿ ಹೆಚ್ಚಿದ್ದದ್ದೇ ಚೆನ್ನಾಗಿ ಕೇಳಿಸುತ್ತದೆ, ಅದು ಕಿವಿಯ ಸ್ವಭಾವ. ಕೆಳಗಿನ ಇ ತಂತಿಯ ಪಾಮ್ ಮ್ಯೂಟ್, ಗಿಟಾರ್ ವಾಲ್ಯೂಮ್ 10ರಿಂದ 4ಕ್ಕೆ ಇಳಿಸಿದಾಗಿನ ತಿಳಿ, ಒಂದೇ ಸ್ವರ ಸಾಯುವವರೆಗಿನ ಬಾಲ: ಈ ಮೂರರಲ್ಲಿ ಒಂದೇ ಥರ ಇದ್ದರೆ ಉಳಿದದ್ದೂ ಸರಿಯಿರುತ್ತದೆ.

ಎಡವುವ ಜಾಗಗಳು

ಶುರುವಿನ ಮತ್ತು ಕೊನೆಯ ಭಾಗ ಹೊಂದುತ್ತಿಲ್ಲ ಎಂದು ಟ್ರೇನರ್ ತಕರಾರು ತೆಗೆದರೆ: ಇನ್‌ಪುಟ್ ಫೈಲ್‌ನ ಮೊದಲ ಒಂಬತ್ತು ಸೆಕೆಂಡೇ ಕೊನೆಯಲ್ಲೂ ಮರುಬರುತ್ತದೆ. ಎರಡು ಸಲವೂ ಆಂಪ್ ಒಂದೇ ಥರ ಉತ್ತರಿಸಬೇಕು. ವಾಲ್ವ್ ಕಾದಿರಲಿಲ್ಲ, ವೋಲ್ಟೇಜ್ ಇಳಿಯಿತು, ಟ್ರೆಮೊಲೊ ಆನ್ ಇತ್ತು, ಹಿಸ್ ಜಾಸ್ತಿ ಇತ್ತು, ನಡುವೆ ಯಾರೋ ಬಾಗಿಲು ಬಡಿದರು — ಕಾರಣ ಇವುಗಳಲ್ಲೊಂದು.

ಇಎಸ್‌ಆರ್ 1ರ ಹತ್ತಿರ ಬಂದರೆ ಆಂಪ್‌ನದ್ದಲ್ಲ, ಜೋಡಣೆಯ ತಪ್ಪು. ಫೈಲ್ ಜರುಗಿದೆ, ಇಲ್ಲವೇ ಬೇರೆ ಟ್ರ್ಯಾಕ್ ಎಕ್ಸ್‌ಪೋರ್ಟ್ ಆಗಿದೆ. ಮಾಡೆಲ್‌ನಲ್ಲಿ ಮೂಲದ ಒಣ ಗಿಟಾರ್ ಸದ್ದು ಹಿಂದೆ ಸಣ್ಣಗೆ ಕೇಳಿಸಿದರೆ ಡೈರೆಕ್ಟ್ ಮಾನಿಟರಿಂಗ್ ಸೋರಿದೆ. ಸದ್ದು ಸರಿಯಿದ್ದೂ ಬಾಸ್ ಸಡಿಲ ಅನ್ನಿಸಿದರೆ ಕೋಣೆಯ ಅನುರಣನ ಕಾರಣ. ಮೈಕ್ ಹತ್ತಿರ ತನ್ನಿ.

ಹಮ್ 50 ಹರ್ಟ್ಸ್‌ನದ್ದಾದರೆ ಗ್ರೌಂಡ್ ಲೂಪ್ ಅನುಮಾನಿಸಿ. 100 ಹರ್ಟ್ಸ್‌ನ ಹರಿತ ಝೇಂಕಾರ ಎಲ್ಲ ಕೇಬಲ್ ಬಿಚ್ಚಿದರೂ ಉಳಿದರೆ ಅದು ಆಂಪ್‌ನ ಪವರ್ ಸಪ್ಲೈಯದು, ಹಳೆಯ ಆಂಪ್‌ಗಳಲ್ಲಿ ಸಾಮಾನ್ಯವಾಗಿ ದಣಿದ ಫಿಲ್ಟರ್ ಕೆಪಾಸಿಟರ್. ಆಂಪ್ ರಿಪೇರಿ ಗೊತ್ತಿರುವವರಿಗೆ ಕೊಡಿ, ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ.

ಮೈಕ್ ಇಲ್ಲದೆ

ಫ್ಲಾಟ್‌ನಲ್ಲಿರುವವರಿಗೆ ಡಿಐ ಕ್ಯಾಪ್ಚರ್ ದಾರಿ. ಸ್ಪೀಕರ್ ಬದಲು ಟೂ ನೋಟ್ಸ್ ಕ್ಯಾಪ್ಟರ್ ತರಹದ ರಿಯಾಕ್ಟಿವ್ ಲೋಡ್ ಬಾಕ್ಸ್ ಹಾಕಿ, ಅದರ ಲೈನ್ ಔಟ್ ಅನ್ನು ಇಂಟರ್‌ಫೇಸ್‌ನ ಲೈನ್ ಇನ್‌ಗೆ ಕೊಡಿ. ಬಾಕ್ಸ್‌ನ ಓಮ್ ಮತ್ತು ವಾಟ್ ಆಂಪ್‌ಗೆ ಹೊಂದಬೇಕು. ಬರೀ ರೆಸಿಸ್ಟರ್ ಇರುವ ಅಗ್ಗದ ಲೋಡ್ ಬೇಡ: ನಿಜವಾದ ಸ್ಪೀಕರ್‌ನ ಇಂಪೀಡೆನ್ಸ್ ಕೆಳಗೆ ನೂರು ಹರ್ಟ್ಸ್ ಆಸುಪಾಸು ಗುಡ್ಡದಂತೆ ಏರಿ, ಮೇಲೆ ಟ್ರೆಬಲ್‌ನಲ್ಲಿ ಮತ್ತೆ ಏರುತ್ತದೆ, ಪವರ್ ವಾಲ್ವ್‌ಗಳು ಅದಕ್ಕೆ ಸ್ಪಂದಿಸುತ್ತವೆ. ರೆಸಿಸ್ಟರ್‌ನಲ್ಲಿ ಅದೆಲ್ಲ ಚಪ್ಪಟೆ. ಹೀಗೆ ತೆಗೆದ ಕ್ಯಾಪ್ಚರ್‌ಗೆ ಕ್ಯಾಬ್‌ನ ಐಆರ್ ಫೈಲ್ (ಕ್ಯಾಬ್ ಮತ್ತು ಮೈಕ್‌ನ ಸದ್ದಿನ ಗುಣ ಹಿಡಿದಿಟ್ಟ ಫೈಲ್) ಬೇರೆ ಹಾಕಬೇಕು. ಹಾಕದಿದ್ದರೆ ಜೇನ್ನೊಣ ಡಬ್ಬಿಯೊಳಗೆ ಸಿಕ್ಕಂತೆ ಕೇಳಿಸುತ್ತದೆ. ಕೆಂಪರ್‌ನಲ್ಲಿ ಇದನ್ನೇ ಸ್ಪೀಕರ್ ಲೈನ್‌ನಲ್ಲಿ ಡಿಐ ಬಾಕ್ಸ್ ಇಟ್ಟು ಡೈರೆಕ್ಟ್ ಪ್ರೊಫೈಲ್ ತೆಗೆದು, ಅದೇ ನಾಬ್‌ಗಳಲ್ಲಿ ಮೈಕ್ ಪ್ರೊಫೈಲ್ ತೆಗೆದು, ಎರಡನ್ನೂ ಮರ್ಜ್ ಮಾಡಿ ಪಡೆಯಬಹುದು. ಆಗ ಆಂಪ್ ಮತ್ತು ಕ್ಯಾಬ್ ಅಂದಾಜಿನಿಂದ ಬೇರ್ಪಡದೆ ನಿಜವಾಗಿ ಬೇರೆಯಾಗುತ್ತವೆ. ವೇದಿಕೆಯಲ್ಲಿ ನಿಜವಾದ ಕ್ಯಾಬ್‌ಗೆ ಕೊಡುವವರಿಗೆ ಇದೇ ಒಳ್ಳೆಯದು.

ಒಂದು ಆಂಪ್‌ಗೆ ಗೇನ್ 2, 4, 6, 8ರಲ್ಲಿ ನಾಲ್ಕು ಕ್ಯಾಪ್ಚರ್ ತೆಗೆದರೆ ಬಹುಪಾಲು ಕೆಲಸಕ್ಕೆ ಸಾಕು. ಮೈಕ್ ಅಲುಗಾಡಿಸದೆ ಒಂದೇ ಕೂರಿಕೆಯಲ್ಲಿ ಮುಗಿಸಿ. ಫೈಲ್ ಹೆಸರಿನಲ್ಲಿ ಆಂಪ್, ಇನ್‌ಪುಟ್, ನಾಬ್‌ಗಳ ಅಂಕಿ ಎಡದಿಂದ ಬಲಕ್ಕೆ, ಕ್ಯಾಬ್, ಮೈಕ್ ಇಷ್ಟಿರಲಿ. ರೆಕಾರ್ಡ್ ಮಾಡಿದ ಔಟ್‌ಪುಟ್ ವೇವ್ ಫೈಲ್‌ಗಳನ್ನು ಅಳಿಸಬೇಡಿ. ನಾಳೆ ಇನ್ನೂ ಒಳ್ಳೆಯ ಟ್ರೇನರ್ ಬಂದಾಗ ಆಂಪ್ ಮಾರಿದ್ದರೂ ಅದೇ ಫೈಲ್‌ನಿಂದ ಹೊಸ ಮಾಡೆಲ್ ಮಾಡಿಕೊಳ್ಳಬಹುದು.